ಇಬ್ಬರಿಗೆ ಜಾಗವಿದ್ದ ದೋಣಿ

ಒಬ್ಬನೇ ಇರುವ ಮನುಷ್ಯ ಅಂಗಳ ಗುಡಿಸಿದರೂ ಊರಿಗೆ ಅದೊಂದು ಸುದ್ದಿ. ಅಂಥವನು ಚಾವಡಿಯಲ್ಲಿ ಕೂತು ದೋಣಿಗೆ ಎಂಜಿನ್ ಜೋಡಿಸಲು ಹೊರಟರೆ ಕೇಳಬೇಕೇ? ಆ ದೋಣಿ ಸುಮ್ಮನಿದ್ದರೂ ಒಂದು ಕತೆ, ಹೊರಟರೂ ಒಂದು ಕತೆ.

ನಾನು ಪುತ್ತೂರಿನಲ್ಲಿ ಬಸ್ಸುಗಳ ಫಿಟ್ಟರ್ ಆಗಿದ್ದವನು. ಮನೆ ಮಾತ್ರ ಕೊಯಿಲದ ಆಚೆ, ಕುಮಾರಧಾರೆಯ ದಡದಲ್ಲಿ. ಮದುವೆಯಾಗಿ ಎರಡನೇ ಮಳೆಗಾಲ ಮುಗಿಯುವ ಮೊದಲೇ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಪುತ್ತೂರು ಬಿಟ್ಟು ಬಂದು, ಹೊಳೆಯ ಎರಡೂ ಬದಿಯ ತೋಟಗಳ ಪಂಪು ರಿಪೇರಿ ಮಾಡಿಕೊಂಡಿದ್ದೆ. ಹಗಲೆಲ್ಲ ಪಂಪಿನ ಗದ್ದಲ. ಮನೆಗೆ ಬಂದರೆ ಲೋಟ ಕೆಳಗಿಟ್ಟ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಅಂಥ ದಿನಗಳಲ್ಲಿ ಆ ದೋಣಿ ಬಂದದ್ದು.

೧. ಮನೆ ನೋಡಲು ಬಂದವರು

ಆ ವರ್ಷ ನೆರೆ ಇಳಿದ ಮೇಲೆ ನೋಡಿದರೆ, ನಮ್ಮ ಬಿದಿರಿನ ಮೆಳೆಯಲ್ಲಿ ಒಂದು ಹಳೆಯ ದೋಣಿ ಸಿಕ್ಕಿಕೊಂಡಿತ್ತು. ಒಂದು ಬದಿ ಒಡೆದಿತ್ತು. ಹೊಳೆ ದಾಟುವ ಮೇಲಿನ ಕಡವಿನಲ್ಲಿ ಕೇಳಿದೆ, ಕೆಳಗಿನ ಕಡವಿನಲ್ಲಿ ಕೇಳಿದೆ. ಯಾರೂ ತಮ್ಮದೆನ್ನಲಿಲ್ಲ. ಯಾರಿಗೂ ಬೇಡವಾದದ್ದು ಹೊಳೆ ಬದಿಯಲ್ಲಿ ಹಾಗೆ ಬಿದ್ದಿರುವುದನ್ನು ದಿನಾ ನೋಡಲಿಕ್ಕೆ ನನ್ನಿಂದ ಆಗಲಿಲ್ಲ. ನಾಲ್ಕು ಜನರನ್ನು ಕರೆದು ಎತ್ತಿಸಿ ಚಾವಡಿಗೆ ತಂದೆ. ಆಚಾರಿ ಬಂದು ಹೆಬ್ಬಲಸಿನ ಹಲಗೆ ಕೂಡಿಸಿಕೊಟ್ಟ. ಸಂದುಗಳಿಗೆ ನಾರು ತುಂಬಿಸಿ, ಗೇರೆಣ್ಣೆ ಬಳಿದು, ಎದುರುಬದುರಾಗಿ ಕೂರಲು ಎರಡು ಅಡ್ಡಹಲಗೆ ಹಾಕಿದೆ.

ಅಷ್ಟರಲ್ಲಿ ಕಲ್ಲುಗುಂಡಿಯ ನಮ್ಮ ಸೋದರತ್ತೆ ನನಗೆ ಇನ್ನೊಂದು ಮದುವೆ ಮಾಡಿಸುವ ಹಟ ಹಿಡಿದಿದ್ದರು. ಒಂದು ದಿನ ಹೇಳದೆ ಕೇಳದೆ ಹುಡುಗಿಯ ಸೋದರಮಾವನನ್ನು ಮನೆ ತೋರಿಸಲು ಕರೆದುಕೊಂಡೇ ಬಂದುಬಿಟ್ಟರು. ಚಾಪೆ ಹಾಸಬೇಕಾದಲ್ಲಿ ದೋಣಿ ಇತ್ತು. ಆ ಮಾವ ಗೋಡೆಗೆ ಒರಗಿ, ದೋಣಿಯ ಮೂತಿ ಎದೆಗೆ ತಾಗದ ಹಾಗೆ ನಿಂತುಕೊಂಡರು.

"ಮನೆಯಲ್ಲಿ ಎಷ್ಟು ಮಂದಿ?" ಅಂತ ಕೇಳಿದರು.

"ನಾನೊಬ್ಬನೇ."

"ಮತ್ತೆ ಇದು?"

"ಇದರಲ್ಲಿ ಇಬ್ಬರಿಗೆ ಜಾಗ ಉಂಟು," ಅಂದೆ. ನಾನು ಒಳ್ಳೆಯದನ್ನೇ ಹೇಳಿದ್ದು.

ಅವರು ಬೆಲ್ಲ ನೀರು ಕುಡಿದು, ಅತ್ತೆಯನ್ನು ಅಂಗಳದ ಮೂಲೆಗೆ ಕರೆದು ಪಿಸುಗುಟ್ಟಿದರು. ಪಿಸುಗುಟ್ಟಿದ್ದು ನನಗೂ ಕೇಳಿತು:

"ಜನ ಒಳ್ಳೆಯವರು. ಆದರೆ ನಮ್ಮ ಹುಡುಗಿಗೆ ಈಜಲಿಕ್ಕೆ ಬರುದಿಲ್ಲ."

೨. ಮೀನುಗಳಿಗೆ ಗಾಳಿ

ಎಂಜಿನ್ ಸಿಕ್ಕಿದ್ದು ರಾಮಕುಂಜದ ಒಂದು ತೋಟದಲ್ಲಿ. ಹೊಸ ಪಂಪು ಬಂದ ಮೇಲೆ ಹಳೆಯದರ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ತೋಟದ ಯಜಮಾನರು ತೆಗೆದುಕೊಂಡು ಹೋಗಿ ಅಂದರು. ಚಿಮಿಣಿ ಎಣ್ಣೆಯಲ್ಲಿ ಓಡುವ ಎಂಜಿನ್, ಬಿಚ್ಚಿ ಉಜ್ಜಿ ಕೂಡಿಸಿದೆ. ಇನ್ನು ಬೇಕಾದದ್ದು ನೀರಿನಡಿ ತಿರುಗುವ ರೆಕ್ಕೆ. ಮಂಗಳೂರಿನ ಬಂದರಿನಲ್ಲಿ ನೋಡಿದ್ದ ನೆನಪಿನ ಮೇಲೆ ಮರದಲ್ಲಿ ಮೂರು ರೆಕ್ಕೆಯ ಒಂದು ಅಚ್ಚು ಕೆತ್ತಿ, ಪುತ್ತೂರಿನಲ್ಲಿ ಹಿತ್ತಾಳೆ ಪಾತ್ರೆ ಎರಕ ಹೊಯ್ಯುವವನ ಹತ್ತಿರ ಕೊಂಡುಹೋದೆ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಫ್ಯಾನು. ನಾನು ಹೋಟೆಲಿನಲ್ಲಿ ನೋಡಿದ್ದೇನೆ."

"ಹೌದು, ಹಾಗೆಯೇ. ಆದರೆ ಇದು ದೋಣಿಗೆ."

"ತಲೆಯ ಮೇಲೆ, ದೋಣಿಯ ಮಾಡಿಗೆ ಕಟ್ಟುದಾ?"

"ಮಾಡು ಇಲ್ಲ. ಅಡಿಯಲ್ಲಿ, ನೀರಿನೊಳಗೆ."

ಅವನು ಅಚ್ಚನ್ನು ಕೆಳಗಿಟ್ಟ. ಆಮೇಲೆ ಮೆಲ್ಲ ಕೇಳಿದ, "ಯಾಕೆ ಮಾರಾಯ್ರೆ, ಮೀನುಗಳಿಗೆ ಸೆಕೆಯಾ?"

೩. ನೀರಿಗಿಳಿಸಿದ ದಿನ

ಮಳೆ ಹೋಗಿ ಹೊಳೆ ತಿಳಿಯಾದ ಮೇಲೆ ದೋಣಿ ಇಳಿಸಿದೆ. ನೋಡಲು ಎರಡೂ ದಡದಲ್ಲಿ ಜನ. ದೋಣಿಯಲ್ಲಿ ಜನರನ್ನು ದಾಟಿಸುವ ಕಡವಿನವ ತನ್ನ ಜಲ್ಲೆಯನ್ನು ಮರಳಿಗೆ ಕುತ್ತಿ, ಇನ್ನು ತನ್ನ ಅನ್ನಕ್ಕೆ ಕಲ್ಲು ಬಿತ್ತು ಎಂಬ ಮುಖದಲ್ಲಿ ನಿಂತಿದ್ದ. ಎದುರಿನ ಹಲಗೆಯಲ್ಲಿ ಕೂರಲು ಎಲ್ಲರನ್ನೂ ಕರೆದೆ. "ಮೊದಲು ನೀವು ಹೋಗಿ ಬನ್ನಿ, ಆಮೇಲೆ ನೋಡುವ," ಅಂದರು. ಆ ಹಲಗೆ ಖಾಲಿಯೇ ಉಳಿಯಿತು.

ಹಗ್ಗ ಸುತ್ತಿ ಎಳೆದೆ. ಎಂಜಿನ್ ಹಿಡಿಯಿತು. ಆಚೆ ದಡದ ಕಡೆ ಮುಖ ಮಾಡಿ, ಎದೆಯುಬ್ಬಿಸಿ ಕೂತಿದ್ದೇನೆ, ದೋಣಿ ನನ್ನನ್ನು ಹಿಂದೆ ಹಿಂದೆ ಎಳೆದುಕೊಂಡು ಬಂದು, ಬಟ್ಟೆ ಒಗೆಯುವ ಕಲ್ಲಿಗೆ ಬೆನ್ನು ಕೊಟ್ಟು ನಿಂತಿತು. ಎಂಜಿನ್ ಒಂದು ಕಡೆಗೆ ತಿರುಗುವುದು, ನಾನು ಕೆತ್ತಿದ ರೆಕ್ಕೆಯ ಓರೆ ಇನ್ನೊಂದು ಕಡೆಗೆ. ಅಷ್ಟು ಬಸ್ಸು ರಿಪೇರಿ ಮಾಡಿದವನಿಗೆ ಇಷ್ಟು ಹೊಳೆಯಲಿಲ್ಲ.

ಜನ ನಕ್ಕು ನಕ್ಕು ಮರಳಲ್ಲಿ ಕೂತರು. ಆಚಾರಿ ಒಬ್ಬ ನಗಲಿಲ್ಲ. ದೋಣಿಯ ಸುತ್ತ ಬಂದ. ಎರಡೂ ತುದಿ ಚೂಪಾಗಿರುವುದನ್ನು ಕೈಯಿಂದ ಸವರಿ ನೋಡಿದ.

"ಎಂಜಿನ್ ಸರಿ ಉಂಟು, ದೋಣಿಯೂ ಸರಿ ಉಂಟು," ಅಂದ. "ನೀವು ತಿರುಗಿ ಕೂತುಕೊಳ್ಳಿ."

೪. ಬಂಡೆಯ ಭಾಗ್ಯ

ರೆಕ್ಕೆಯನ್ನು ಬೇರೆ ಓರೆಯಲ್ಲಿ ಹೊಯ್ಯಿಸಿದ ಮೇಲೆ ದೋಣಿ ಮುಂದಕ್ಕೆ ಹೋಗತೊಡಗಿತು. ಆದರೂ ಎದುರಿನ ಹಲಗೆಗೆ ಜನ ಬರಲಿಲ್ಲ. ಕೊನೆಗೆ ಬಂದವರು ಭಟ್ಟರು. ಆಚೆ ದಡದಲ್ಲಿ ಅವರಿಗೆ ಒಂದು ಶ್ರಾದ್ಧ ಮಾಡಿಸಲಿಕ್ಕಿತ್ತು, ಕಡವಿನವ ಊಟಕ್ಕೆ ಹೋಗಿದ್ದ. ಗತಿಯಿಲ್ಲದೆ ಹತ್ತಿದರು. ನನಗೆ ಎಷ್ಟು ಸಂತೋಷವೆಂದರೆ, ಹಲಗೆಯನ್ನು ಹೆಗಲ ಬೈರಾಸಿನಿಂದ ಒರೆಸಿ ಕೂರಿಸಿದೆ. ದಾರಿಯುದ್ದಕ್ಕೂ ಮಾತಾಡಿದೆ. ಮಾತಾಡಲಿಕ್ಕೆ ಜನ ಸಿಗದೆ ನನಗೆ ಬಹಳ ದಿನವಾಗಿತ್ತು.

ನನ್ನ ಎಂಜಿನ್ನಿಗೆ ನಿಲ್ಲಿಸುವ ಗುಂಡಿ ಇರಲಿಲ್ಲ. ಒಂದು ತಗಡಿನ ಪಟ್ಟಿಯನ್ನು ಪ್ಲಗ್ಗಿಗೆ ಒತ್ತಿದರೆ ನಿಲ್ಲುತ್ತಿತ್ತು. ಮಾತಿನ ಭರದಲ್ಲಿ ಕೈ ಬೀಸಿದಾಗ ಆ ಪಟ್ಟಿ ಕಿತ್ತು ನೀರಿಗೆ ಬಿತ್ತು. ಆ ವೇಗದಲ್ಲಿ ದಡಕ್ಕೆ ಹೋದರೆ ಭಟ್ಟರ ಸಮೇತ ಚೂರು. ಎಣ್ಣೆ ಮುಗಿಯುವವರೆಗೆ ತಿರುಗುವುದೊಂದೇ ದಾರಿ. ಹೊಳೆಯ ನಡುವೆ ಒಂದು ದೊಡ್ಡ ಬಂಡೆ ಇತ್ತು, ಅದಕ್ಕೆ ಸುತ್ತು ಹಾಕತೊಡಗಿದೆ.

"ಎಂತ ಇದು?" ಅಂದರು ಭಟ್ಟರು.

"ಎಣ್ಣೆ ಸ್ವಲ್ಪ ಜಾಸ್ತಿ ಹಾಕಿದ್ದೇನೆ."

ಭಟ್ಟರು ಮೊದಲು ನನಗೆ ಬೈದರು, ಆಮೇಲೆ ಎಂಜಿನ್ನಿಗೆ. ಅದೂ ಮುಗಿದ ಮೇಲೆ ಹೆದರಿ ಕಣ್ಣು ಮುಚ್ಚಿ ಗಟ್ಟಿಯಾಗಿ ಮಂತ್ರ ಹೇಳತೊಡಗಿದರು. ಸುತ್ತು ನಡೆದೇ ಇತ್ತು. ದಡದಲ್ಲಿದ್ದ ಹೆಂಗಸರು ಕೈಮುಗಿದು ನಿಂತದ್ದು ನನಗೆ ಕಾಣುತ್ತಿತ್ತು.

ಮುಂದಿನ ಮಂಗಳವಾರ ನೋಡಿದರೆ ಆ ಬಂಡೆಗೆ ಯಾರೋ ಕುಂಕುಮ ಹಚ್ಚಿ, ಕೇಪುಳ ಹೂ ಇಟ್ಟಿದ್ದರು.

೫. ಮಾವಿನ ಮರ

ಆಚೆ ದಡದಲ್ಲಿ ಒಬ್ಬರು ವಯಸ್ಸಾದ ಗೌಡರಿದ್ದರು. ನನ್ನ ಎಂಜಿನ್ನಿನ ಸದ್ದಿಗೆ ಅವರಷ್ಟು ಬೈದವರು ಬೇರೆ ಇಲ್ಲ. ಎಮ್ಮೆ ಹಾಲು ಬಿಡುವುದಿಲ್ಲ, ಮಗು ಮಲಗುವುದಿಲ್ಲ ಅಂತ ದಿನಾ ದಡಕ್ಕೆ ಬಂದು ಕೂಗುವರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಯಾರೋ ಮಾತಾಡಿಸುತ್ತಾರಲ್ಲ ಎಂದು ನಾನು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದೆ.

ಒಮ್ಮೆ ನನಗೆ ಕೆಟ್ಟ ಜ್ವರ ಬಂತು. ಬಾಗಿಲು ಹಾಕಿ ಮಲಗಿದವನು ಏಳಲೇ ಇಲ್ಲ. ನೀರು ಬೇಕಾದರೂ ಕೇಳುವುದು ಯಾರನ್ನು? ಗೋಡೆ ನೋಡುತ್ತ ಬಿದ್ದುಕೊಂಡೆ. ಹೆಂಡತಿಯೂ ಇದೇ ಕೋಣೆಯಲ್ಲಿ ಹೀಗೇ ಮಲಗಿದ್ದಳು. ಆಗ ಕರೆದರೆ ಓಗೊಡಲು ನಾನಿದ್ದೆ.

ದೋಣಿ ಕಟ್ಟಿದಲ್ಲೇ ಇದ್ದದ್ದನ್ನು ಕಂಡು ಕಡವಿನವ ಬಂದು ಅಂಗಳದಿಂದ ಒಮ್ಮೆ ಕರೆದನಂತೆ. ನನಗೆ ಎಚ್ಚರವಿರಲಿಲ್ಲ. ಪುತ್ತೂರಿಗೆ ಹೋಗಿರಬೇಕು ಅಂದುಕೊಂಡ. ಆಚೆ ದಡದಲ್ಲಿ ಗೌಡರು, "ಎಂತ ಮಾರಾಯ, ಫಿಟ್ಟರ ಸದ್ದೇ ಇಲ್ಲ?" ಅಂತ ಕೇಳಿದ್ದಕ್ಕೆ, "ಹೋದರು ಅಂತ ಕಾಣ್ತದೆ," ಅಂದನಂತೆ. ಅಷ್ಟೇ ಅವನು ಹೇಳಿದ್ದು. ಉಳಿದದ್ದನ್ನು ಕೇಳಿದವರು ಸೇರಿಸಿಕೊಂಡರು.

ನನಗೆ ಎಚ್ಚರವಾದದ್ದು ಕೊಡಲಿಯ ಸದ್ದಿಗೆ. ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದೆ. ಒಬ್ಬ ನನ್ನ ಮಾವಿನ ಮರ ಕಡಿಯುತ್ತಿದ್ದ.

"ಯಾರು ಮಾರಾಯ, ಮರ ಯಾಕೆ ಕಡಿಯುದು?" ಅಂದೆ.

ಅವನು ತಿರುಗಿ ನೋಡದೆ, "ಸುಡಲಿಕ್ಕೆ ಬೇಕಲ್ಲ," ಅಂದ.

"ಯಾರು ತೀರಿಕೊಂಡದ್ದು?"

"ಈ ಮನೆಯ ಫಿಟ್ಟರು. ಪಾಪ, ಹಿಂದೆ ಮುಂದೆ ಯಾರೂ ಇಲ್ಲ. ನೀವು ಸಂಬಂಧಿಕರಾ?"

"ಹೌದು," ಅಂದೆ. "ತುಂಬಾ ಹತ್ತಿರದವನು."

ಆಗ ತಿರುಗಿ ನೋಡಿದ. ಕೊಡಲಿ ಬಿಟ್ಟು ಓಡಿದವನು, ಮುಂದಿನ ಅಂಗಳದಲ್ಲಿ ತೆಂಗಿನಕಾಯಿ ಹಿಡಿದು ಬರುತ್ತಿದ್ದ ಗೌಡರಿಗೆ ಹೋಗಿ ಡಿಕ್ಕಿ ಹೊಡೆದ. ಗೌಡರ ಹಿಂದೆ ಎರಡೂ ದಡದವರು. ನನ್ನನ್ನು ಕಂಡು ಕೆಲವರು ಕಿರುಚಿದರು, ಕೆಲವರು ಅತ್ತರು. ಒಬ್ಬಾಕೆ ಮಾತ್ರ ನೇರ ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿ ಗಂಜಿಗೆ ನೀರಿಟ್ಟರು. ಹೆಂಡತಿ ಹೋದ ದಿನದ ಮೇಲೆ ನನ್ನ ಮನೆಯಲ್ಲಿ ಅಷ್ಟು ಜನರ ಮಾತು ನಾನು ಕೇಳಿರಲಿಲ್ಲ. ಯಾರೋ ಬೆಲ್ಲದ ಕಾಫಿ ಮಾಡಿದರು, ಯಾರೋ ನನ್ನ ಹಣೆ ಮುಟ್ಟಿ ನೋಡಿದರು. ನಾನು ಗಂಜಿಯ ಬಟ್ಟಲನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡು ಕುಡಿದೆ, ಕಣ್ಣು ಯಾರಿಗೂ ಕಾಣಬಾರದೆಂದು.

ಎಲ್ಲರೂ ಹೊರಟ ಮೇಲೆ ಗೌಡರು ಕೊನೆಯವರಾಗಿ ಎದ್ದರು. ಮೆಟ್ಟಲಲ್ಲಿ ನಿಂತು ಕೋಪದಲ್ಲಿಯೇ ಹೇಳಿದರು:

"ಇನ್ನೊಮ್ಮೆ ಜ್ವರ ಬಂದರೆ, ದಯಮಾಡಿ ಎಂಜಿನ್ ಸ್ಟಾರ್ಟ್ ಮಾಡಿಟ್ಟು ಮಲಗಿ ಮಾರಾಯ್ರೆ!"