ತಲೆನೋವಿನ ವಯಸ್ಸು

ಡ್ರಮ್ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಮುಂದೆ ನಿಲ್ಲುವ ಅವನನ್ನು ಎಲ್ಲರೂ ಮುಚ್ಚಳದಣ್ಣ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಅಂಥದೇ ಒಂದು ಮುಚ್ಚಳ ಅಟ್ಟದಿಂದ ಜಾರಿ ಅವನ ನೆತ್ತಿಯ ಮೇಲೆ ಬಿತ್ತು. ಗಾಯ ಬೇಗ ಮಾಯಿತು. ತಲೆನೋವು ಮಾತ್ರ ಕರೆಯದೆ ಬಂದ ನೆಂಟನಂತೆ ಬೀಡುಬಿಟ್ಟಿತು. ಯಂತ್ರ ಗುಡುಗಿದರೆ ಕಣ್ಣು ಕತ್ತಲಿಡುತ್ತಿತ್ತು. ಯಾರಾದರೂ ತಟ್ಟೆ ಬೀಳಿಸಿದರೆ ಸಾಕು, ಪಾಪ, ಹತ್ತಿರದ ಮೇಜಿನ ಕೆಳಗೆ ನುಗ್ಗುತ್ತಿದ್ದ.

ಇದರಿಂದಾದ ಶಾಶ್ವತ ಊನ ಶೇಕಡಾ ಎಷ್ಟು ಎಂದು ಪರಿಹಾರ ಮಂಡಳಿಯ ಡಾಕ್ಟರಮ್ಮ ಇವತ್ತು ಹೇಳಬೇಕಿತ್ತು. ಹತ್ತು ದಾಟಿದರೆ ಕಾರ್ಖಾನೆಯ ಹಿಂಬದಿಯ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ, ಇಲ್ಲದಿದ್ದರೆ ಮತ್ತೆ ಯಂತ್ರ. ಆ ನಿಶ್ಶಬ್ದ ಉಗ್ರಾಣವನ್ನು ನೆನೆದರೇ ಅವನಿಗೆ ಬಾಯಲ್ಲಿ ನೀರೂರುತ್ತಿತ್ತು.

ಜೊತೆಗೆ ಹೆಂಡತಿ ಹೊರಟಳು. ಮಹಡಿ ಮನೆಯ ನಿವೃತ್ತ ಗುಮಾಸ್ತರು, ಇಡೀ ಬೀದಿಗೇ ಮಾವ ಎನಿಸಿಕೊಂಡವರು, ಯಾರೂ ಕೇಳದಿದ್ದರೂ ಹೊರಟರು. ಕಾರ್ಖಾನೆಯ ಮೇಸ್ತ್ರಿ ರಜೆ ಹಾಕಿ ಬಂದ. ತೂರಾಡುತ್ತ ಒಳಗೆ ಹೋಗಬೇಕು, ಅಪ್ಪನ ಹೆಸರು ಮರೆಯಬೇಕು, ನಡುನಡುವೆ ಅಳಬೇಕು ಎಂದು ಮಾವ ಬಸ್ಸಿನುದ್ದಕ್ಕೂ ಪಾಠ ಮಾಡಿದರು.

ಸರದಿಗೆ ಕಾಯುವಾಗ ಮೇಸ್ತ್ರಿ ಊಟದ ಡಬ್ಬಿಯನ್ನು ಧಡ್ಡನೆ ಮುಚ್ಚಿದ. ಮುಚ್ಚಳದಣ್ಣ ಬೆಂಚಿನ ಕೆಳಗಿದ್ದ.

“ಭಲೇ,” ಅಂದರು ಮಾವ. “ಒಳಗೂ ಹೀಗೇ ಮಾಡಪ್ಪ.”

ಡಾಕ್ಟರಮ್ಮನ ಕೋಣೆಯಲ್ಲಿ ದಪ್ಪ ಜಮಖಾನ, ದಪ್ಪ ಪರದೆ. ಗಡಿಯಾರ ಕೂಡ ಸದ್ದು ಮಾಡುತ್ತಿರಲಿಲ್ಲ. ಅವನು ಕೂತ ಗಳಿಗೆಯಲ್ಲೇ ತಲೆನೋವು ಮಾಯವಾಯಿತು. ಈಗ ನೋವು ಎಷ್ಟಿದೆ ಎಂದು ಆಕೆ ಕೇಳಿದರು. ಅಳೋಣವೆಂದರೆ ಕಣ್ಣಲ್ಲಿ ನೀರಿಲ್ಲ, ಅಷ್ಟು ಸುಖವಾಗಿತ್ತು.

“ಈಗ ಇಲ್ಲ ಡಾಕ್ಟ್ರೇ,” ಎಂದುಬಿಟ್ಟ. “ಇಲ್ಲಿ ಸದ್ದಿಲ್ವಲ್ಲ.”

ಕೆಲಸ ಕೆಟ್ಟಿತು ಎಂದುಕೊಂಡ. ಆದರೆ ಆಕೆ ಅದೇ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. ಬೆಳಗ್ಗಿನಿಂದ ಬಂದವರೆಲ್ಲ ತಲೆ ಸಿಡಿಯುತ್ತಿದೆ ಎಂದವರೇ, ನಿಜ ಹೇಳಿದವನು ಇವನೊಬ್ಬನೇ ಎಂದು ಮೆಲ್ಲಗೆ ಹೇಳಿದರು. ನಿದ್ದೆ, ಭಯ, ಕೆಲಸ ಎಲ್ಲ ವಿಚಾರಿಸಿ, ತಲೆನೋವಿಗೂ ಮನಸ್ಸಿನ ಬಾಧೆಗೂ ಸೇರಿ ಹನ್ನೆರಡು ಎಂದರು. ಮುಚ್ಚಳದಣ್ಣನಿಗೆ ಉಗ್ರಾಣದ ಕುರ್ಚಿ ಕಣ್ಣಿಗೆ ಕಟ್ಟಿತು.

ಬಾಗಿಲಿಗೆ ಕಿವಿಯಿಟ್ಟಿದ್ದ ಮೂವರಿಗೆ ಕೇಳಿಸಿದ್ದು ಅವನ ‘ಈಗ ಇಲ್ಲ’ ಮಾತ್ರ. ಆಕೆಯ ಮೆಲುದನಿ ಆಚೆ ಬರಲೇ ಇಲ್ಲ. ಹುಡುಗ ಎಲ್ಲ ಹಾಳುಮಾಡಿದ ಎಂದು ಒಳಗೆ ನುಗ್ಗಿದರು.

“ನಂಬಬೇಡಿ ಡಾಕ್ಟ್ರೇ, ಸಂಕೋಚದ ಪ್ರಾಣಿ,” ಅಂದರು ಮಾವ. “ನಮ್ಮ ಕೆಳಗಿನ ಮನೆಗೆ ಬಂದು ಐದು ವರ್ಷ ಆಯ್ತು. ಅವತ್ತಿಂದಲೂ ತಲೆ ಹಿಡ್ಕೊಂಡೇ ಓಡಾಡ್ತಾನೆ.”

ಮೇಸ್ತ್ರಿ ಬಿಟ್ಟುಕೊಡುವವನೇ? “ಅದಕ್ಕಿಂತ ಮುಂಚೆ ನಾನು ನೋಡಿದೀನಿ. ಕೆಲಸಕ್ಕೆ ಸೇರಿದ ದಿನವೇ ಸದ್ದಿಗೆ ಬೆಚ್ಚಿ ಡ್ರಮ್ಮೊಳಗೆ ಕೂತಿದ್ದ.”

ತನ್ನ ಗಂಡನನ್ನು ತನಗಿಂತ ಮೊದಲು ಬೇರೆಯವರು ಬಲ್ಲರೆಂದರೆ ಹೆಂಡತಿ ಸಹಿಸಿಯಾಳೆ? ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇವರಿಗೇನು ಗೊತ್ತು? ಅದಕ್ಕೂ ಮುಂಚೆ, ನಮ್ಮ ಮದುವೆ ದಿನ ವಾದ್ಯದ ಸದ್ದಿಗೇ ನಮ್ಮನೆಯವರು ತಲೆ ಹಿಡ್ಕೊಂಡು ಕೂತಿದ್ರು.”

ಮುಚ್ಚಳದಣ್ಣ ಎರಡೂ ಕೈ ಆಡಿಸಿ ಬೇಡ ಬೇಡವೆಂದ. ನೋಡಿ, ಈಗಲೂ ನೋವು ಬಂತು ಎಂದರು ಮಾವ.

ಡಾಕ್ಟರಮ್ಮ ನಿಟ್ಟುಸಿರಿಟ್ಟರು. “ನೀವು ಹೇಳೋದು ನೋಡಿದ್ರೆ ಹನ್ನೆರಡಲ್ಲ, ಹದಿನೆಂಟು. ಆದ್ರೆ ಏಟು ಬೀಳೋಕೆ ಮುಂಚೆ ಇದ್ದದ್ದನ್ನ ಕಳೀಲೇಬೇಕು, ಅದು ನಿಯಮ. ಹದಿನೆಂಟೂ ಹಳೇದೇ. ಕಾರ್ಖಾನೆ ಲೆಕ್ಕಕ್ಕೆ ಸೊನ್ನೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾವನಿಗೆ ಮಾತ್ರ ಹದಿನೆಂಟರ ಮುಂದೆ ಏನೂ ಕೇಳಿಸಿರಲಿಲ್ಲ. ಹನ್ನೆರಡು ಕೊಡುತ್ತಿದ್ದರಂತೆ, ನಾನು ಹದಿನೆಂಟು ಮಾಡಿಸಿದೆ ಎಂದು ಹೊರಗೆ ಬಂದು ಸರದಿಯವರಿಗೆಲ್ಲ ಸಾರಿದರು. ನಮಗೂ ಸಾಕ್ಷಿಯಾಗಿ ಬನ್ನಿ ಎಂದು ಜನ ಅವರನ್ನು ಮುತ್ತಿಕೊಂಡರು.

ನಾಳೆ ಬೆಳಗ್ಗೆ ಯಂತ್ರದ ಹತ್ತಿರ ಬಂದುಬಿಡು ಎಂದ ಮೇಸ್ತ್ರಿ, ಉಂಡು ಮುಗಿಸಿದ ಡಬ್ಬಿಯನ್ನು ಧಡ್ಡನೆ ಮುಚ್ಚಿದ.

ಮಾವ ಬಗ್ಗಿ ಬೆಂಚಿನ ಕೆಳಗೆ ನೋಡಿದರು.

“ಏಳಪ್ಪ, ಸಾಕು,” ಅಂದರು. “ಪರೀಕ್ಷೆ ಮುಗೀತು.”