ಕೊನೆಯ ಪಂದ್ಯ ಗೆದ್ದ ತಪ್ಪಿಗಾಗಿ

ಸ್ಟರ್ಜನ್ಸ್ ಬೇಸ್‌ಬಾಲ್ ತಂಡದ ಘನತೆವೆತ್ತ ಮ್ಯಾನೇಜರ್ ಶ್ರೀ ಡ್ವೈಟ್ ಹೋಲ್ಕಮ್ ಅವರಿಗೆ,

ಮಾನ್ಯರೇ,

ಈರಿ ಸರೋವರದ ದಂಡೆಯ ನಮ್ಮ ಸಣ್ಣ ಬಂದರೂರಿನಿಂದ, ತಮ್ಮ ಮೈದಾನದ ಹನ್ನೊಂದನೇ ಸಾಲಿನಲ್ಲಿ ನಲವತ್ತೊಂದು ವರ್ಷಗಳಿಂದ ಬಿಸಿಲು, ಗಾಳಿ, ಸೋಲು ಎಲ್ಲವನ್ನೂ ಸಮಚಿತ್ತದಿಂದ ಸ್ವೀಕರಿಸುತ್ತ ಬಂದಿರುವ ಲೊರೇನ್ ವಾಸಿಲೆವ್ಸ್ಕಿ ಎಂಬ ನಾನು ಮಾಡುವ ಅನಂತ ವಂದನೆಗಳು. ತಾವೂ, ತಮ್ಮ ಶ್ರೀಮತಿಯವರೂ, ಜುಲೈನಲ್ಲಿ ಚೆಂಡನ್ನು ಕೈಯ ಬದಲು ಮೂಗಿನಿಂದ ಹಿಡಿದ ತಮ್ಮ ಕ್ಯಾಚರ್ ಮಹಾಶಯರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಈ ಋತುವಿನ ನೂರ ನಲವತ್ತು ಪಂದ್ಯಗಳಲ್ಲಿ ತಾವು ತೊಂಬತ್ತೆಂಟನ್ನು ಸೋತಿರಿ. ಅದಕ್ಕಾಗಿ ಬೈಯಲು ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಅಂಥ ಪತ್ರಗಳು ತಮಗೆ ಬೇಕಾದಷ್ಟು ಬರುತ್ತವೆ, ಒಂದೆರಡು ನಮ್ಮ ಪಾದ್ರಿಗಳೇ ಬರೆದಿದ್ದಾರೆಂದು ಕೇಳಿದ್ದೇನೆ. ನನ್ನ ದೂರಿರುವುದು ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ತಾವು ಗೆದ್ದ ಪಂದ್ಯದ ಬಗ್ಗೆ.

ಮೊದಲು ನನ್ನ ಯಜಮಾನರ ಪರಿಚಯ ಮಾಡಿಕೊಡಬೇಕು. ಹೆಸರು ಕ್ಯಾಸಿಮಿರ್. ಬಂದರಿನಲ್ಲಿ ಅದಿರು ಇಳಿಸುವ ಕ್ರೇನು ನಡೆಸಿ ನಿವೃತ್ತರಾದವರು. ಮೈದಾನದಲ್ಲಿ ನಮ್ಮಿಬ್ಬರ ಕೆಲಸ ಮದುವೆಯಾದ ವರ್ಷವೇ ಹಂಚಿಕೆಯಾಯಿತು: ಪ್ರತಿ ಎಸೆತವನ್ನೂ ಸ್ಕೋರು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುವುದು ನನ್ನದು, ಪ್ರತಿ ಎಸೆತಕ್ಕೂ ಬೈಯುವುದು ಅವರದು. ಅವರು ಬಂದು ಕೂತರೆ ಸಾಕು, ಹಿಂದಿನ ಸಾಲಿನವರು "ಕ್ಯಾಜ್, ಇವತ್ತು ಯಾರಿಗಪ್ಪಾ ಪೂಜೆ?" ಎಂದು ಕೇಳುತ್ತಿದ್ದರು. ತಮಗೆ ಸಂತೋಷವಾಗಬಹುದು, ಕಳೆದ ನಾಲ್ಕು ವರ್ಷಗಳಿಂದ ಬಹುಪಾಲು ತಮಗೇ.

ಜೂನ್‌ನಲ್ಲಿ ಅವರ ಎದೆಯ ಶಸ್ತ್ರಚಿಕಿತ್ಸೆಯಾಯಿತು. "ಮೇಡಂ, ಅವ್ರಿಗೆ ಸಿಟ್ಟು ಬರೋ ಸುದ್ದಿ ಏನೂ ಹೇಳ್ಬೇಡಿ, ಖುಷಿ ಕೊಡೋದು ಮಾತ್ರ ಹೇಳಿ" ಎಂದ ಡಾಕ್ಟರು, ಕೋಣೆಯಿಂದ ರೇಡಿಯೋ, ಪೇಪರು ಎರಡನ್ನೂ ಹೊರಗೆ ಹಾಕಿಸಿದರು. ಮಧ್ಯಾಹ್ನ ನಾನೊಬ್ಬಳೇ ಪಂದ್ಯಕ್ಕೆ ಹೋಗಿ ಎಂದಿನಂತೆ ಬರೆದುಕೊಂಡು, ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿ, ಬರೆದದ್ದನ್ನೆಲ್ಲ ಅಳಿಸಿ, ತಮ್ಮನ್ನು ಗೆಲ್ಲಿಸಿಕೊಂಡು ಒಳಗೆ ಹೋಗುತ್ತಿದ್ದೆ. ತಮ್ಮ ತಂಡವನ್ನು ಗೆಲ್ಲಿಸುವುದು ಇಷ್ಟು ಸುಲಭವೆಂದು ನನಗೆ ತಿಳಿದದ್ದೇ ಆಗ. ಒಂದು ಪೆನ್ಸಿಲು, ಒಂದು ರಬ್ಬರು ಸಾಕು. ಇಷ್ಟು ದೊಡ್ಡ ಸಂಬಳದ ತಮಗೆ ಈ ಉಪಾಯ ಯಾಕೆ ಹೊಳೆಯಲಿಲ್ಲವೋ ಕಾಣೆ. ನನ್ನ ಕೈಯಲ್ಲಿ ತಾವು ಸತತ ಹನ್ನೊಂದು ಪಂದ್ಯ ಗೆದ್ದಿರಿ.

ಆದರೆ ಒಂದೊಂದು ಗೆಲುವಿಗೂ ನನ್ನ ಯಜಮಾನರು ಇಳಿಯುತ್ತ ಹೋದರು. ಮನೆಯಿಂದ ಒಯ್ದ ಎಲೆಕೋಸಿನ ಸೂಪನ್ನು ಮೂಸಿಯೂ ನೋಡಲಿಲ್ಲ. ಏಳನೇ ಗೆಲುವಿನ ದಿನ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಒಂದೇ ಒಂದು ಕ್ಯಾಚು ಬಿಟ್ಟ ಗುರುತಿಲ್ಲದ್ದನ್ನು ಕಂಡು, "ನಿಜ ಹೇಳೇ ಲೊರೇನ್, ನಾನಿಲ್ಲಿ ಬಿದ್ಕೊಂಡಿದ್ರೆ ನೀನು ಬೇರೆ ಟೀಮ್ ಕಟ್ಕೊಂಡಿದೀಯಾ?" ಎಂದರು. ನಲವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಶೀಲದ ಮೇಲೆ ಬಂದ ಮೊದಲ ಶಂಕೆ ಅದು. ಹನ್ನೊಂದನೆಯದಕ್ಕೆ ಅನುಮಾನವೂ ಉಳಿಯಲಿಲ್ಲ. "ಅವ್ರು ಗೆಲ್ಲೋದು ಕಲ್ತ್‌ಬಿಟ್ರು. ಇನ್ನು ನನ್ ಕೆಲ್ಸ ಏನಿದೆ" ಎಂದು ಗೋಡೆಯ ಕಡೆ ಹೊರಳಿದರು. 

ಮರುದಿನ ಡಾಕ್ಟರ ಮಾತನ್ನು ಪಕ್ಕಕ್ಕಿಟ್ಟು ನಿಜ ಹೇಳಿಬಿಟ್ಟೆ. ಹನ್ನೊಂದಕ್ಕೆ ಹನ್ನೊಂದೂ ಸೋತಿದ್ದೀರಿ, ಹನ್ನೊಂದನೆಯದು ಹದಿನಾಲ್ಕು-ಒಂದು; ಬಲಬದಿಯ ಫೀಲ್ಡರ್ ಟಿಲ್‌ಮನ್, ತಾವು ಹಿಡಿದ ಕ್ಯಾಚೂ ಸೇರಿ ಎರಡೇ ಔಟಾಗಿದ್ದಾಗ ಮೂರೂ ಆಯಿತು, ಇನ್ನಿಂಗ್ಸ್ ಮುಗಿಯಿತೆಂದು ತಿಳಿದು, ಆ ಚೆಂಡನ್ನು ಗ್ಯಾಲರಿಯಲ್ಲಿದ್ದ ಒಬ್ಬ ಅಜ್ಜಿಗೆ ಕಾಣಿಕೆಯಾಗಿ ಎಸೆದು ಕೈಬೀಸಿದರು, ಅಷ್ಟರಲ್ಲಿ ಎದುರಾಳಿಗಳಿಬ್ಬರು ಆರಾಮಾಗಿ ರನ್ ಗಳಿಸಿಕೊಂಡರು. ಕ್ಯಾಸಿಮಿರ್ ಎದ್ದು ಕೂತರು. "ಎರಡೇ ಔಟಿಗಾ? ಅಜ್ಜಿಗೆ ಕೊಟ್ನಾ? ಅಜ್ಜಿಗಾದ್ರೂ ಬುದ್ಧಿ ಬೇಡ್ವಾ, ವಾಪಸ್ ಎಸೀಬಾರ್ದಿತ್ತಾ! ಆ ಹೋಲ್ಕಮ್ ಏನ್ ಮಾಡ್ತಿದ್ದ, ನಿದ್ದೆನಾ?" ಎಂದು ಅವರು ಕೂಗಿದ ಕೂಗಿಗೆ ನರ್ಸುಗಳು ಓಡಿಬಂದರು. ಮುಖಕ್ಕೆ ರಕ್ತ ಬಂದಿತ್ತು. ಎರಡು ಬಟ್ಟಲು ಸೂಪು ಕುಡಿದರು. ಡಾಕ್ಟರು ಅದನ್ನು ಹೊಸ ಮಾತ್ರೆಯ ಗುಣವೆಂದು ಬರೆದುಕೊಂಡರು; ಟಿಲ್‌ಮನ್ ಅವರ ಗುಣವೆಂದು ನನಗೊಬ್ಬಳಿಗೇ ಗೊತ್ತು.

ಅಲ್ಲಿಂದ ಆಗಸ್ಟ್ ಪೂರ್ತಿ ತಾವು ತೋರಿದ ಸೇವಾನಿಷ್ಠೆಯನ್ನು ಯಾವ ಬಾಯಿಂದ ಹೊಗಳಲಿ! ತಪ್ಪದೆ ಸೋತಿರಿ, ಬಗೆಬಗೆಯಾಗಿ ಸೋತಿರಿ, ಮಳೆ ಬಂದು ಪಂದ್ಯ ನಿಂತರೂ ಮರುದಿನ ಬಂದು ಉಳಿದದ್ದನ್ನು ಸೋತು ಹೋದಿರಿ. ಅವರು ಮಂಚ ಬಿಟ್ಟರು, ಕೋಲು ಹಿಡಿದರು, ಮನೆಗೆ ಬಂದರು.

ಆ ಭಾನುವಾರ ಗಾಲಿಕುರ್ಚಿಯಲ್ಲಿ ಅವರನ್ನು ಮೈದಾನಕ್ಕೆ ಕರೆತಂದೆ. ನಮ್ಮ ಸಾಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರು ತಿಂಗಳು ಕಾದಿದ್ದ ಗಂಟಲನ್ನು ಅವರು ಸರಿಪಡಿಸಿಕೊಂಡರು. ಆಗ, ಮಾನ್ಯರೇ, ತಾವು ಒಂಬತ್ತು-ಸೊನ್ನೆಯಿಂದ ಗೆದ್ದಿರಿ. ಟಿಲ್‌ಮನ್ ಓಡಿ, ಹಾರಿ, ಮಲಗಿ ಕ್ಯಾಚು ಹಿಡಿದರು. ಊರೆಲ್ಲ ಕುಣಿಯುತ್ತಿದ್ದಾಗ ನನ್ನವರು ಅರ್ಧ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡರು. ಇಂದಿಗೆ ಹನ್ನೊಂದು ದಿನ, ಸರಿಯಾಗಿ ಒಂದು ಮಾತಾಡಿಲ್ಲ. ಮುಂದಿನ ಋತು ಶುರುವಾಗುವ ಏಪ್ರಿಲ್‌ವರೆಗೆ ಹೇಗೆ ಎಂದು ಕೇಳಿದರೆ ಡಾಕ್ಟರು ಕಿಟಕಿಯ ಕಡೆ ನೋಡುತ್ತಾರೆ. ನನಗೆ ಭಯವಾಗುತ್ತಿದೆ. ಆ ಬೈಗುಳವಿಲ್ಲದ ಮನೆಯಲ್ಲಿ ಬದುಕುವುದು ನನಗೆ ಗೊತ್ತಿಲ್ಲ.

ಆದ್ದರಿಂದ ನನ್ನ ವಿನಮ್ರ ಕೋರಿಕೆಯೆಂದರೆ, ಲೀಗಿನವರಿಗೆ ಹೇಳಿ ಆ ಪಂದ್ಯವನ್ನು ಮತ್ತೆ ಆಡಿಸಿ, ಯೋಗ್ಯ ರೀತಿಯಲ್ಲಿ ಸೋಲಬೇಕು. ಅದಾಗದಿದ್ದರೆ ಟಿಲ್‌ಮನ್ ಅವರನ್ನು ಆಜೀವ ಉಳಿಸಿಕೊಂಡು, ಎಣಿಕೆ ಕಲಿಸಲು ಬರುವ ಯಾರನ್ನೂ ಹತ್ತಿರ ಸೇರಿಸಬಾರದು. ತಮ್ಮನ್ನು ತೆಗೆದು ಯಾರೋ ಸಮರ್ಥರನ್ನು ತರುತ್ತಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ದಯವಿಟ್ಟು ಕುರ್ಚಿ ಬಿಡಬೇಡಿ. ಸಮರ್ಥರೊಬ್ಬರನ್ನು ತಡೆದುಕೊಳ್ಳುವ ಶಕ್ತಿ ನಮ್ಮ ಮನೆಗೆ ಈಗಿಲ್ಲ.

ತಮ್ಮ ತೊಂಬತ್ತೆಂಟು ಸೋಲುಗಳಿಗೂ ಋಣಿಯಾದ,
ತಮ್ಮ ವಿಶ್ವಾಸಿ,
ಲೊರೇನ್ ವಾಸಿಲೆವ್ಸ್ಕಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ, ತಿಂಡಿಗೆ ಕೂತಿದ್ದ ನನ್ನ ಯಜಮಾನರು ಚಮಚವನ್ನು ಟಪ್ಪೆಂದು ಕೆಳಗಿಟ್ಟು, "ಅಲ್ವೇ, ಒಂಬತ್ತು ರನ್ ಮುಂದಿದ್ದಾಗ ಎಂಟನೇ ಇನ್ನಿಂಗ್ಸಲ್ಲಿ ಇರೋ ಒಬ್ಬ ಒಳ್ಳೇ ಪಿಚರ್‌ನ ಯಾಕೆ ಚೆಂಡೆಸೆಯೋಕೆ ಇಳಿಸ್ದ ಆ ದಡ್ಡ? ಹುಡುಗನ ತೋಳು ಸವೆಸೋಕಾ?" ಎಂದರು. ಈಗ ಮಧ್ಯಾಹ್ನವಾಗಿದೆ, ಇನ್ನೂ ನಿಲ್ಲಿಸಿಲ್ಲ. ಮೂರನೇ ಬಾರಿ ತಟ್ಟೆಗೆ ಬಡಿಸಿದ್ದೇನೆ. ಹಾಗಾಗಿ ಮಾನ್ಯರೇ, ಗೆಲ್ಲಲೇಬೇಕೆಂಬ ಹಟ ತಮಗಿದ್ದರೆ ಧಾರಾಳವಾಗಿ ಗೆಲ್ಲಿ. ಅದನ್ನೂ ತಾವು ಕೆಟ್ಟದಾಗಿಯೇ ಮಾಡುವಿರೆಂಬ ಪೂರ್ಣ ಭರವಸೆ ನಮಗಿದೆ.