ಇಳಿಯಲು ಬಾರದ ಸವಾರ

ಸೈಕಲ್ ತುಳಿಯುವುದರ ಬಗ್ಗೆ ಉಪದೇಶ ಮಾಡದವರಿಲ್ಲ. ಹೃದಯಕ್ಕೆ ಒಳ್ಳೆಯದು, ಶುಗರ್‌ಗೆ ಒಳ್ಳೆಯದು, ಹೊಟ್ಟೆ ಕರಗುತ್ತದೆ ಎನ್ನುತ್ತಾರೆ. ಐವತ್ತೆಂಟು ದಾಟಿದವನು ಅದರಿಂದ ಇಳಿಯುವುದು ಹೇಗೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನನಗೆ ಸೈಕಲ್ ಕೊಡಿಸಿದವನು ಅಳಿಯ. ಆರಡಿ ಆಳು, ತನ್ನ ಕಾಲಿನ ಅಳತೆಗೇ ತಂದಿದ್ದಾನೆ. ಸೀಟನ್ನು ಪೂರ್ತಿ ಇಳಿಸಿದರೂ ನನ್ನ ಕಾಲು ನೆಲ ಮುಟ್ಟುವುದಿಲ್ಲ. ಅಡ್ಡ ಬಾರಿನ ಮೇಲೆ ಕಾಲು ಬೀಸಲು ಹೋದರೆ ಮಂಡಿ ಕಟಕ್ಕೆನ್ನುತ್ತದೆ. ಹೀಗಾಗಿ ಶಿವಮೊಗ್ಗದ ನಮ್ಮ ಮನೆ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಹತ್ತುವುದು, ಭದ್ರಾವತಿಯ ಜನ್ನಾಪುರದಲ್ಲಿ ಅಕ್ಕನ ಮನೆ ಗೇಟಿನ ಕಟ್ಟೆಗೆ ಕಾಲು ಕೊಟ್ಟು ಇಳಿಯುವುದು. ನಡುವೆ ಇಳಿಯುವ ಪ್ರಶ್ನೆಯೇ ಇಲ್ಲ. ಮೊದಮೊದಲು ಪಾರ್ಕಿನ ಸುತ್ತ ತುಳಿದು ಅಭ್ಯಾಸ ಮಾಡಿಕೊಂಡೆ. ಆಮೇಲೆ ಭಾನುವಾರಗಳಂದು ನಸುಕಿನಲ್ಲೇ ಅಕ್ಕನ ಮನೆಗೆ ಹೊರಡತೊಡಗಿದೆ. ಮಾಚೇನಹಳ್ಳಿ ದಾಟುವಾಗ ಬೆವರಿದ ಬೆನ್ನಿಗೆ ತಣ್ಣನೆ ಗಾಳಿ ತಾಗಿದರೆ ಬಹಳ ಸುಖವಾಗುತ್ತಿತ್ತು. ಇಷ್ಟು ವರ್ಷ ಸ್ಕೂಟರ್ ಓಡಿಸಿ ಏನು ಕಂಡೆ ಅನ್ನಿಸುತ್ತಿತ್ತು.

"ನಮ್ ತಮ್ಮ ಎಲ್ಲೂ ನಿಲ್ಲಲ್ಲ ಕಣ್ರೀ, ಒಂದೇ ದಮ್ಮಿಗೆ ಬರ್ತಾನೆ" ಎಂದು ಅಕ್ಕ ಬೀದಿಗೆಲ್ಲ ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಅಕ್ಕಿರೊಟ್ಟಿ ತಿನ್ನುತ್ತಿದ್ದೆ. ಅದನ್ನು ವಿನಯ ಎಂದುಕೊಂಡರು.

ತೊಂದರೆ ಆದದ್ದು ಮಲವಗೊಪ್ಪದಲ್ಲಿ. ಅಲ್ಲಿ ನನ್ನ ಸ್ಕೂಲಿನ ಗೆಳೆಯ ಬಶೀರನ ಟೈರ್ ಅಂಗಡಿಯಿದೆ. "ಏಯ್, ಚಾ ಕುಡ್ಕೊಂಡ್ ಹೋಗೋ ಮಾರಾಯ!" ಎಂದು ಅವನು ಕೂಗುವುದು, ನಾನು ಕೈ ಬೀಸಿ ಮುಂದೆ ಹೋಗುವುದು. ಕೆಲವು ವಾರ ಕೂಗಿದ. ಆಮೇಲೆ ನನ್ನನ್ನು ಕಂಡ ಕೂಡಲೇ ಟೈರಿನೊಳಗೆ ಮುಖ ತೂರಿಸತೊಡಗಿದ. ಫೋನ್ ಮಾಡಿದರೆ, "ದೊಡ್ಡೋರಿಗೆ ನಮ್ಮಂಥೋರ ಅಂಗಡಿ ಕಾಣ್ಸುತ್ತಾ?" ಎಂದು ಕಟ್ ಮಾಡಿದ. ನನಗೆ ನಿಜಕ್ಕೂ ಸಂಕಟವಾಯಿತು. ಒಂದೇ ಬೆಂಚಿನಲ್ಲಿ ಕೂತು ಒಂದೇ ಕಡ್ಡಿಯಲ್ಲಿ ಏಟು ತಿಂದವರು ನಾವು. ಇಳಿಯಲು ಬರುವುದಿಲ್ಲ ಎಂದು ಹೇಳಿಬಿಡೋಣವೆಂದರೆ, ಹುಡುಗನಾಗಿದ್ದಾಗ ಓಡುವ ಸೈಕಲ್ಲಿಗೆ ಹಾರಿ ಹತ್ತಿ ಅವನ ಮುಂದೆ ಮೆರೆದವನು ನಾನೇ.

"ಅಲ್ಲಾ ರೀ, ನಿಮ್ಗೆ ಫ್ರೆಂಡ್ ಹೆಚ್ಚೋ, ಆ ಕಂಬಿ ಹೆಚ್ಚೋ?" ಎಂದಳು ಹೆಂಡತಿ. "ಮಗಳು ಹೈಸ್ಕೂಲಿಗೆ ತುಳೀತಿದ್ದ ಲೇಡೀಸ್ ಸೈಕಲ್ ಇದ್ಯಲ್ಲ, ಅದ್ರಲ್ಲಿ ಹೋಗಿ." ಅಡ್ಡ ಬಾರಿಲ್ಲದ, ಮುಂದೆ ಬುಟ್ಟಿಯಿರುವ, ಗುಲಾಬಿ ಬಣ್ಣದ ಸೈಕಲ್. ಒಂದು ವಾರ ಮಾನ ಮರ್ಯಾದೆಯ ಬಗ್ಗೆ ಯೋಚಿಸಿದೆ. ಭಾನುವಾರ ಬಂದಾಗ ಅದನ್ನೇ ಹತ್ತಿ ಹೊರಟೆ. ಬುಟ್ಟಿಯಲ್ಲಿ ಅವಳು ಸೊಪ್ಪಿಗೆಂದು ಚೀಲ ಇಟ್ಟಿದ್ದಳು.

ಬಶೀರನ ಅಂಗಡಿ ಮುಂದೆ ಬ್ರೇಕ್ ಹಾಕಿದೆ. ಎರಡೂ ಕಾಲು ಆರಾಮವಾಗಿ ನೆಲಕ್ಕೆ ತಾಗಿದವು. ನಾನು ಯಾಕೆ ನಿಲ್ಲುತ್ತಿರಲಿಲ್ಲ ಎಂಬುದನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅವನು ಸೈಕಲ್ ನೋಡಿದ, ನನ್ನ ಮಂಡಿ ನೋಡಿದ. ಬಹಳ ಹೊತ್ತು ನಗಲಿಲ್ಲ.

"ಬಂದಿದ್ದು ಖುಷಿ ಆಯ್ತು. ಆದ್ರೆ ಅದನ್ನ ಹಿಂದುಗಡೆ ನಿಲ್ಸು ಮಾರಾಯ, ಗಿರಾಕಿಗಳು ನೋಡ್ತಾರೆ" ಎಂದ.

ತಳ್ಳಿಕೊಂಡು ಹಿಂದೆ ಹೋದೆ. ಅಲ್ಲಿ ಗೋಡೆಗೆ ಒರಗಿ, ಸೀಟು ಎತ್ತರಿಸಿದ ಇನ್ನೊಂದು ಲೇಡೀಸ್ ಸೈಕಲ್ ನಿಂತಿತ್ತು. ಹ್ಯಾಂಡಲ್ಲಿಗೆ ಬಶೀರನ ಟೋಪಿ ಸಿಕ್ಕಿಸಿತ್ತು.

"ಯಾರ್ದೋ ಇದು?"

"ನಮ್ ಮನೇವ್ರದು" ಎಂದ ಹಿಂದೆಯೇ ಬಂದ ಬಶೀರ, ಚಹಾ ಲೋಟ ಕೊಡುತ್ತಾ. ಅವನ ಹೆಂಡತಿ ಸೈಕಲ್ ಮುಟ್ಟಿದವರಲ್ಲ ಎಂದು ನನಗೆ ಗೊತ್ತು. ಟೋಪಿ ನೋಡಿದೆ, ಅವನ ಮುಖ ನೋಡಿದೆ. ಅಷ್ಟು ಹೊತ್ತು ನಗದವನು ಆಗ ನಕ್ಕ, ನಾನೂ ನಕ್ಕೆ. ಇಬ್ಬರ ಚಹಾವೂ ಚೆಲ್ಲಿತು.

ಈಗ ಪ್ರತಿ ಭಾನುವಾರ ನಿಲ್ಲುತ್ತೇನೆ. ಜನ್ನಾಪುರ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.

"ಯಾಕೋ, ಮೊದ್ಲಿನ ದಮ್ಮು ಇಲ್ವಲ್ಲೋ. ದಾರೀಲಿ ನಿಂತ್ಕೊಳ್ತೀಯಂತೆ?"